ಮೊದಲು ಬಾಣ, ಆಮೇಲೆ ಸೂತ್ರ



ಗೋಡೆ ಪತ್ರಿಕೆ ಅಂದರೆ ಕವನ, ಚುಟುಕ, ನಗೆಹನಿ, ನುಡಿಮುತ್ತು ಇಷ್ಟೇ ಅಂತ ನಾವೆಲ್ಲ ತಿಳಿದುಕೊಂಡಿದ್ದೇವೆ. ಈ ಸಂಚಿಕೆಯಲ್ಲಿ ನಾನು ಭೌತಶಾಸ್ತ್ರದ ಒಂದು ಬಗೆಯ ಲೆಕ್ಕದ ಬಗ್ಗೆ ನನ್ನ ಅಭಿಪ್ರಾಯ ಬರೆಯುತ್ತಿದ್ದೇನೆ. "ಅಯ್ಯೋ, ಇಲ್ಲೂ ಫಿಸಿಕ್ಸಾ!" ಅಂತ ಪಕ್ಕದ ಹಾಳೆಗೆ ಜಾರಬೇಡಿ. ಐದೇ ನಿಮಿಷ ನಿಂತು ಓದಿ. ಜಾರದೆ ನಿಲ್ಲೋದರ ಬಗ್ಗೆಯೇ ಈ ಲೇಖನ.

ಮೊನ್ನೆ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. 50 ಕೆ.ಜಿ. ರಾಗಿ ಮೂಟೆ ಸಿಮೆಂಟ್ ನೆಲದ ಮೇಲಿದೆ. ಸ್ಥಾಯಿ ಘರ್ಷಣೆಯ ಗುಣಾಂಕ, ಅಂದರೆ ಮ್ಯೂ, 0.4. ಒಬ್ಬ ಅದನ್ನು ಅಡ್ಡಡ್ಡವಾಗಿ 50 ನ್ಯೂಟನ್ ಬಲದಿಂದ ತಳ್ಳುತ್ತಾನೆ. ಮೂಟೆ ಅಲುಗಾಡುವುದಿಲ್ಲ. ಆಗ ಘರ್ಷಣಾ ಬಲ ಎಷ್ಟು? ಪರೀಕ್ಷೆ ಮುಗಿದ ಮೇಲೆ ಹೊಂಗೆ ಮರದ ಕೆಳಗೆ ಎಲ್ಲರೂ ಉತ್ತರ ಹೋಲಿಸಿಕೊಂಡರು. ಕೇಳಿದವರೆಲ್ಲ 200 ನ್ಯೂಟನ್ ಅಂದರು. ಹೇಗೆ? "ಸೂತ್ರ ಇದೆಯಲ್ಲ! ಮ್ಯೂ ಗುಣಿಸು ಲಂಬ ಬಲ. 0.4 × 500 = 200. ಮುಗೀತು."

ಮುಗಿಯಲಿಲ್ಲ. ಸ್ವಲ್ಪ ಯೋಚನೆ ಮಾಡಿ. ಮೂಟೆಯನ್ನು ಮುಂದಕ್ಕೆ ತಳ್ಳುವ ಬಲ 50. ಹಿಂದಕ್ಕೆ ಘರ್ಷಣೆ 200. ಕಳೆದರೆ ಹಿಂದಕ್ಕೆ 150 ನ್ಯೂಟನ್ ಉಳಿಯಿತು. 50 ಕೆ.ಜಿ. ಮೂಟೆಗೆ ಅಷ್ಟು ಬಲ ಸಿಕ್ಕರೆ ನ್ಯೂಟನ್ನನ ಎರಡನೇ ನಿಯಮದ ಪ್ರಕಾರ ಅದು ಸೆಕೆಂಡಿಗೆ 3 ಮೀಟರ್ ವೇಗ ಹೆಚ್ಚಿಸಿಕೊಳ್ಳುತ್ತಾ ತಳ್ಳಿದವನ ಮೈಮೇಲೇ ಬರಬೇಕು! ತಳ್ಳಿದ್ದಕ್ಕೆ ಸಿಟ್ಟಾಗಿ ಅಟ್ಟಿಸಿಕೊಂಡು ಬರುವ ರಾಗಿ ಮೂಟೆಯನ್ನು ಯಾರಾದರೂ ನೋಡಿದ್ದೀರಾ? ನಮ್ಮೂರ ಕಣದಲ್ಲಂತೂ ಇಲ್ಲ.

ಸರಿ ಉತ್ತರ 50 ನ್ಯೂಟನ್. ಮೂಟೆ ನಿಂತಿದೆ, ಹಾಗಾದರೆ ಮುಂದಕ್ಕೆ ಎಷ್ಟೋ ಹಿಂದಕ್ಕೂ ಅಷ್ಟೇ. ಇದಕ್ಕೆ ಗುಣಾಕಾರ ಬೇಕಿಲ್ಲ. ಒಂದು ಚಿತ್ರ ಬರೆದು ಎರಡು ಬಾಣ ಹಾಕಿದ್ದರೆ ತಾನೇ ಕಾಣುತ್ತಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ನಿಂತಿರುವ ವಸ್ತುವಿನ ಘರ್ಷಣೆ ಲೆಕ್ಕವನ್ನು ಸೂತ್ರದಿಂದ ಶುರು ಮಾಡಬಾರದು, ಚಿತ್ರದಿಂದ ಶುರು ಮಾಡಬೇಕು. ಆ ಚಿತ್ರದಲ್ಲೂ ಘರ್ಷಣೆಯ ಬಾಣವನ್ನು ಎಲ್ಲದಕ್ಕಿಂತ ಕೊನೆಗೆ ಬರೆಯಬೇಕು. ಸೂತ್ರ ಬರೋದು ಅದಾದ ಮೇಲೆ, ಪರೀಕ್ಷಿಸಿ ನೋಡೋದಕ್ಕೆ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಬಲಚಿತ್ರ ಅಂದರೆ ಏನು?

ಇಂಗ್ಲಿಷ್ ಪುಸ್ತಕದಲ್ಲಿ ಇದರ ಹೆಸರು ಫ್ರೀ ಬಾಡಿ ಡಯಾಗ್ರಾಂ. ಕನ್ನಡದಲ್ಲಿ ಮುಕ್ತ ಕಾಯ ಚಿತ್ರ ಅನ್ನುತ್ತಾರೆ. ನಾನು ಸುಲಭಕ್ಕೆ ಬಲಚಿತ್ರ ಅಂತ ಬರೆಯುತ್ತೇನೆ. ಹೆಸರು ದೊಡ್ಡದು, ಕೆಲಸ ಸಣ್ಣದು. ಯಾವ ವಸ್ತುವಿನ ಲೆಕ್ಕವೋ ಅದನ್ನು ಸುತ್ತಮುತ್ತಲಿಂದ ಬಿಡಿಸಿ ಹಾಳೆಯ ಮೇಲೆ ಒಂಟಿಯಾಗಿ ಇಡಬೇಕು. ನೆಲ ಬೇಡ, ಗೋಡೆ ಬೇಡ, ತಳ್ಳುವ ಮನುಷ್ಯನೂ ಬೇಡ. ಅವರನ್ನೆಲ್ಲ ಅಳಿಸಿ, ಅವರು ವಸ್ತುವಿನ ಮೇಲೆ ಹಾಕುತ್ತಿದ್ದ ಬಲವನ್ನು ಮಾತ್ರ ಬಾಣವಾಗಿ ಉಳಿಸಬೇಕು. ಬಾಣದ ತಲೆ ದಿಕ್ಕು ಹೇಳುತ್ತದೆ, ಉದ್ದ ಎಷ್ಟು ಅಂತ ಹೇಳುತ್ತದೆ.

ಮೂಟೆಗೆ ಮೂಟೆಯ ಹಾಗೇ ಬಾಯಿ ಕಟ್ಟಿ ಬಿಡಿಸಬೇಕಾಗಿಲ್ಲ. ಒಂದು ಚೌಕ ಸಾಕು. ಡ್ರಾಯಿಂಗ್ ಬರಲ್ಲ ಅನ್ನೋರು ಇಲ್ಲಿ ತಪ್ಪಿಸಿಕೊಳ್ಳೋ ಹಾಗಿಲ್ಲ!

ಕರ್ತೃ ಯಾರು, ಕರ್ಮ ಯಾವುದು?

ಎಷ್ಟು ಬಾಣ ಹಾಕಬೇಕು, ಯಾವುದನ್ನು ಬಿಡಬೇಕು ಅನ್ನೋದೇ ದೊಡ್ಡ ತಲೆನೋವು. ಇದಕ್ಕೆ ನಾನು ಕನ್ನಡ ವ್ಯಾಕರಣದಿಂದಲೇ ಒಂದು ಉಪಾಯ ತೆಗೆದುಕೊಂಡಿದ್ದೇನೆ. ಪ್ರತಿಯೊಂದು ಬಾಣಕ್ಕೂ ಒಂದು ವಾಕ್ಯ ಹೇಳಬೇಕು. ಆ ವಾಕ್ಯದಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಮೂರೂ ಇರಬೇಕು.

ಭೂಮಿ ಮೂಟೆಯನ್ನು ಕೆಳಗೆ ಎಳೆಯುತ್ತದೆ.
ನೆಲ ಮೂಟೆಯನ್ನು ಮೇಲಕ್ಕೆ ಒತ್ತುತ್ತದೆ.
ಮನುಷ್ಯ ಮೂಟೆಯನ್ನು ಮುಂದಕ್ಕೆ ತಳ್ಳುತ್ತಾನೆ.
ನೆಲ ಮೂಟೆಯನ್ನು ಹಿಂದಕ್ಕೆ ಹಿಡಿಯುತ್ತದೆ.

ನಾಲ್ಕು ವಾಕ್ಯ, ನಾಲ್ಕು ಬಾಣ. ಗಮನಿಸಿ, ನಾಲ್ಕರಲ್ಲೂ ಕರ್ಮ ಒಂದೇ: ಮೂಟೆಯನ್ನು. ಯಾವುದಾದರೂ ವಾಕ್ಯದಲ್ಲಿ ಕರ್ಮ ಬೇರೆ ಬಂದರೆ ಆ ಬಾಣ ಈ ಚಿತ್ರದ್ದಲ್ಲ. "ಮೂಟೆ ನೆಲವನ್ನು ಒತ್ತುತ್ತದೆ" ಅನ್ನೋದು ನಿಜವೇ, ಆದರೆ ಅಲ್ಲಿ ಕರ್ಮ ನೆಲ. ಅದು ನೆಲದ ಚಿತ್ರಕ್ಕೆ ಹೋಗಬೇಕು. ಹಾಗೆಯೇ ಕರ್ತೃ ಸಿಗದೇ ಹೋದರೆ ಆ ಬಾಣವನ್ನು ರಬ್ಬರ್ ತಗೊಂಡು ಅಳಿಸಿ. ಕೆಲವರು "ಜಾರುವ ಬಲ" ಅಂತ ಒಂದು ಬಾಣ ಹಾಕುತ್ತಾರೆ. ಯಾರು ಜಾರಿಸುತ್ತಿದ್ದಾರೆ ಅಂತ ಕೇಳಿದರೆ ಉತ್ತರ ಇಲ್ಲ. ಕರ್ತೃ ಇಲ್ಲದ ಬಲ ಅಪ್ಪ ಅಮ್ಮ ಇಲ್ಲದ ಮಗು ಇದ್ದ ಹಾಗೆ, ಆಕಾಶದಿಂದ ಉದುರೋದಿಲ್ಲ.

ಇನ್ನೊಂದು ಮಾತು. ನೆಲ ಮೇಲಕ್ಕೆ ಒತ್ತುವ ಬಲ ತೂಕಕ್ಕೆ ಸಮ ಇದೆಯಲ್ಲ, ಆದ್ದರಿಂದ ಅವೆರಡೂ ಕ್ರಿಯೆ ಪ್ರತಿಕ್ರಿಯೆ ಅಂತ ಬಹಳ ಜನ ಹೇಳುತ್ತಾರೆ. ವಾಕ್ಯ ಹೇಳಿ ನೋಡಿ. "ಭೂಮಿ ಮೂಟೆಯನ್ನು ಎಳೆಯುತ್ತದೆ" ಅನ್ನುವುದರ ಜೋಡಿ "ಮೂಟೆ ಭೂಮಿಯನ್ನು ಎಳೆಯುತ್ತದೆ". ಕರ್ತೃ ಕರ್ಮ ಅದಲುಬದಲಾಗಬೇಕು, ಕ್ರಿಯಾಪದ ಹಾಗೇ ಇರಬೇಕು. ನೆಲದ ಒತ್ತುವಿಕೆ ಬೇರೆ ಸಂಸಾರದ್ದು. ಸಪಾಟು ನೆಲದ ಮೇಲೆ, ಅಡ್ಡಡ್ಡ ತಳ್ಳುವಾಗ, ಅದು ತೂಕಕ್ಕೆ ಸಮವಾಗಿರುತ್ತದೆ ಅಷ್ಟೆ. ಎಲ್ಲ ಕಡೆಯೂ ಹಾಗಿರುವುದಿಲ್ಲ. ಮುಂದೆ ನೋಡುತ್ತೀರಿ.

ಹಾಸಿಗೆ ಇದ್ದಷ್ಟು ಕಾಲು ಚಾಚು

ಈಗ ಮುಖ್ಯ ವಿಷಯ. ತೂಕ ಎಷ್ಟು ಅಂತ ಮೊದಲೇ ಗೊತ್ತು. ತಳ್ಳುವ ಬಲ ಎಷ್ಟು ಅಂತ ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ. ಆದರೆ ಸ್ಥಾಯಿ ಘರ್ಷಣೆಗೆ ತನ್ನದೇ ಅಂತ ಒಂದು ಅಳತೆ ಇಲ್ಲ. ಬೇರೆಯವರು ಎಷ್ಟು ತಳ್ಳುತ್ತಾರೋ ಅಷ್ಟನ್ನು ಅದು ತಡೆಯುತ್ತದೆ. ಸೊನ್ನೆ ತಳ್ಳಿದರೆ ಸೊನ್ನೆ. 50 ತಳ್ಳಿದರೆ 50. 150 ತಳ್ಳಿದರೆ 150. ನಮ್ಮ ಮೂಟೆಗೆ 200ರವರೆಗೆ ಹೀಗೇ ನಡೆಯುತ್ತದೆ. ಅದನ್ನು ದಾಟಿದರೆ ಮೂಟೆ ಜಾರುತ್ತದೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ಗಾದೆ ಇದೆಯಲ್ಲ, ಅದನ್ನು ಇಲ್ಲಿಗೆ ತನ್ನಿ. ಮ್ಯೂ ಗುಣಿಸು ಲಂಬ ಬಲ ಅನ್ನೋದು ಹಾಸಿಗೆಯ ಉದ್ದ. ಘರ್ಷಣೆ ಅನ್ನೋದು ಕಾಲು. ಹಾಸಿಗೆ ಆರು ಅಡಿ ಇದೆ ಅಂತ ಮೂರು ಅಡಿ ಮಗುವಿನ ಕಾಲು ಆರು ಅಡಿಯವರೆಗೆ ಬರುತ್ತದೆಯೇ? ಸೂತ್ರ ಹಾಸಿಗೆಯನ್ನು ಅಳೆದುಕೊಡುತ್ತದೆ. ಕಾಲು ಎಲ್ಲಿದೆ ಅಂತ ಚಿತ್ರವೇ ಹೇಳಬೇಕು. ಅದಕ್ಕೇ ಘರ್ಷಣೆಯ ಬಾಣ ಕೊನೆಗೆ. ಉಳಿದ ಬಾಣಗಳನ್ನೆಲ್ಲ ಹಾಕಿ, ವಸ್ತು ನಿಲ್ಲಬೇಕಾದರೆ ಇನ್ನೆಷ್ಟು, ಯಾವ ಕಡೆಗೆ ಬೇಕು ಅಂತ ನೋಡಿ, ಅಷ್ಟು ಉದ್ದದ ಬಾಣ ಹಾಕಬೇಕು. ಆಮೇಲೆ ಅದು ಹಾಸಿಗೆಯೊಳಗೆ ಇದೆಯೋ ಇಲ್ಲವೋ ಅಂತ ಸೂತ್ರದಿಂದ ಪರೀಕ್ಷಿಸಬೇಕು. ಒಳಗಿದ್ದರೆ ವಸ್ತು ನಿಲ್ಲುತ್ತದೆ. ಹೊರಗೆ ಹೋದರೆ ನಿಲ್ಲುವುದಿಲ್ಲ, ಆಗ ಅದು ಬೇರೆ ಲೆಕ್ಕ.

ನಂಬಿಕೆ ಇಲ್ಲದವರು ಪ್ರಯೋಗಾಲಯಕ್ಕೆ ಹೋಗಿ. ಒಂದು ಇಟ್ಟಿಗೆಗೆ ದಾರ ಕಟ್ಟಿ, ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಮೇಜಿನ ಮೇಲೆ ನಿಧಾನವಾಗಿ ಎಳೆಯಿರಿ. ಮುಳ್ಳು ಏರುತ್ತಾ ಹೋಗುತ್ತದೆ, ಇಟ್ಟಿಗೆ ಅಲ್ಲೇ ಇರುತ್ತದೆ. ಮುಳ್ಳು ತೋರಿಸುವ ಅಷ್ಟೂ ಅಂಕಿಗಳು ಒಂದೊಂದು ಕ್ಷಣದ ಘರ್ಷಣೆ. ಇಟ್ಟಿಗೆ ಹೊರಟ ತಕ್ಷಣ ಸಾಮಾನ್ಯವಾಗಿ ಮುಳ್ಳು ಸ್ವಲ್ಪ ಕೆಳಗೆ ಬೀಳುತ್ತದೆ. ಯಾಕಂದರೆ ಜಾರುತ್ತಿರುವಾಗಿನ ಘರ್ಷಣೆ, ನಿಂತಾಗಿನ ಗರಿಷ್ಠ ಘರ್ಷಣೆಗಿಂತ ಕಡಿಮೆ. ಕೆಸರಲ್ಲಿ ಹೂತ ಗಾಡಿ ಒಮ್ಮೆ ಕದಲಿದರೆ ಆಮೇಲೆ ಹಗುರ ಅನ್ನಿಸೋದಕ್ಕೂ ಇಂಥದೇ ಒಂದು ಕಾರಣ ಸೇರಿಕೊಂಡಿದೆ.

ಈ ಸೂತ್ರವನ್ನು ಕಂಡುಹಿಡಿದವರೂ ಹೀಗೆ ಎಳೆದು, ತಳ್ಳಿ, ಅಳೆದೇ ಕಂಡುಹಿಡಿದರು. ಇಟಲಿಯ ಚಿತ್ರಕಾರ ಲಿಯೊನಾರ್ಡೊ ಡ ವಿಂಚಿ 500 ವರ್ಷಗಳ ಹಿಂದೆಯೇ ತನ್ನ ಟಿಪ್ಪಣಿ ಪುಸ್ತಕಗಳಲ್ಲಿ ಮರದ ತುಂಡುಗಳಿಗೆ ಹಗ್ಗ ಕಟ್ಟಿ ತೂಕ ಇಳಿಬಿಟ್ಟ ಚಿತ್ರಗಳನ್ನು ಬರೆದಿಟ್ಟಿದ್ದ. ಅವು ಅಚ್ಚಾಗದೆ ಹಾಗೇ ಉಳಿದವು. 1699ರಲ್ಲಿ ಫ್ರಾನ್ಸಿನ ಅಮೊಂಟನ್ಸ್, ಭಾರ ಎರಡು ಪಟ್ಟಾದರೆ ಘರ್ಷಣೆಯೂ ಎರಡು ಪಟ್ಟಾಗುತ್ತದೆ, ತಾಗುವ ಜಾಗ ಅಗಲವೋ ಕಿರಿದೋ ಅನ್ನೋದು ಲೆಕ್ಕಕ್ಕಿಲ್ಲ ಅಂತ ತೋರಿಸಿದ. 1785ರಲ್ಲಿ ಪ್ರಕಟವಾದ ಕೂಲಂಬನ ಪ್ರಯೋಗಗಳು ಇದನ್ನು ಗಟ್ಟಿ ಮಾಡಿದವು. ಹೌದು, ವಿದ್ಯುದಾವೇಶದ ಪಾಠದಲ್ಲಿ ಬರುವ ಅದೇ ಕೂಲಂಬ್! ಅವನು ಸೇನೆಯ ಇಂಜಿನಿಯರ್ ಆಗಿದ್ದ. ಅಂದರೆ ಮ್ಯೂ ಅನ್ನೋದು ಸ್ವರ್ಗದಿಂದ ಇಳಿದ ಮಂತ್ರ ಅಲ್ಲ. ಮರ, ಹಗ್ಗ, ಕಲ್ಲುಗಳನ್ನು ಎಳೆದು ಸುಸ್ತಾದವರ ಲೆಕ್ಕ.

ಗೋಡೆಗೆ ಒತ್ತಿದ ಪುಸ್ತಕ

ಲಂಬ ಬಲ ಅಂದ ಕೂಡಲೇ ತೂಕ ಅಂತ ಬರೆಯುವವರಿಗೆ ಈ ಉದಾಹರಣೆ. ನೀವು ಈ ಲೇಖನ ಓದುತ್ತಿರುವ ಗೋಡೆಗೇ ಅರ್ಧ ಕೆ.ಜಿ.ಯ ಒಂದು ಪುಸ್ತಕವನ್ನು ಅಂಗೈಯಿಂದ ಒತ್ತಿ ಹಿಡಿಯಿರಿ. ಅದು ಬೀಳುವುದಿಲ್ಲ. ಯಾಕೆ?

ವಾಕ್ಯ ಹೇಳೋಣ. ಭೂಮಿ ಪುಸ್ತಕವನ್ನು ಕೆಳಗೆ ಎಳೆಯುತ್ತದೆ, 5 ನ್ಯೂಟನ್. ಕೈ ಪುಸ್ತಕವನ್ನು ಗೋಡೆಯ ಕಡೆಗೆ ಒತ್ತುತ್ತದೆ, 20 ನ್ಯೂಟನ್ ಅಂತಿಟ್ಟುಕೊಳ್ಳಿ. ಗೋಡೆ ಪುಸ್ತಕವನ್ನು ಕೈ ಕಡೆಗೆ ಒತ್ತುತ್ತದೆ, ಅದೂ 20. ಇಲ್ಲಿ ಲಂಬ ಬಲ ಅಡ್ಡ ಮಲಗಿದೆ! ತೂಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕೈಯದ್ದು ಅಂಗೈ ಜಾರುವಂಥದ್ದು, ಘರ್ಷಣೆ ಎಲ್ಲ ಗೋಡೆಯದ್ದೇ ಅಂತ ಸುಲಭಕ್ಕೆ ಇಟ್ಟುಕೊಳ್ಳೋಣ. ಇನ್ನು ಕೊನೆಯ ಬಾಣ. ಪುಸ್ತಕ ನಿಂತಿದೆ, ಆದ್ದರಿಂದ ಗೋಡೆ ಅದನ್ನು ಮೇಲಕ್ಕೆ 5 ನ್ಯೂಟನ್ ಹಿಡಿದಿದೆ. ಮ್ಯೂ 0.4 ಆದರೆ ಹಾಸಿಗೆ 8 ನ್ಯೂಟನ್. 5 ಒಳಗಿದೆ, ನಿಲ್ಲುತ್ತದೆ.

ಈಗ ಎರಡರಷ್ಟು ಜೋರಾಗಿ, 40 ನ್ಯೂಟನ್ ಒತ್ತಿ. ಘರ್ಷಣೆ ಎಷ್ಟಾಯಿತು? ಹದಿನಾರೇ? ಅಲ್ಲ, ಈಗಲೂ 5! ಜೋರಾಗಿ ಒತ್ತಿದ್ದರಿಂದ ಹಾಸಿಗೆ ದೊಡ್ಡದಾಯಿತು, ಕಾಲು ಇದ್ದಲ್ಲೇ ಇದೆ. ಇನ್ನು ಒತ್ತುವುದನ್ನು 10ಕ್ಕೆ ಇಳಿಸಿದರೆ ಹಾಸಿಗೆ 4, ಬೇಕಾದದ್ದು 5. ಪುಸ್ತಕ ಜಾರಿತು.

ಹಲಗೆಯ ಮೇಲೆ ಮೂಟೆ

ಟ್ರ್ಯಾಕ್ಟರ್ ಟ್ರೇಲರಿಗೆ ಮೂಟೆ ಏರಿಸೋದಕ್ಕೆ ಹಲಗೆ ಒರಗಿಸುತ್ತೇವೆ. ಹಲಗೆ ನೆಲದಿಂದ 30 ಡಿಗ್ರಿ ಎತ್ತಿದೆ. ಅದೇ 50 ಕೆ.ಜಿ. ಮೂಟೆಯನ್ನು ಅದರ ಮೇಲೆ ಇಟ್ಟು ಕೈ ಬಿಟ್ಟರೆ ಜಾರುತ್ತದೆಯೋ ಇಲ್ಲವೋ?

ಭೂಮಿ ಎಳೆಯುವ ಬಾಣ ನೇರ ಕೆಳಗೆ, 500. ಹಲಗೆ ಒತ್ತುವ ಬಾಣ ಹಲಗೆಗೆ ಲಂಬವಾಗಿ. ಕೊನೆಗೆ ಘರ್ಷಣೆ, ಹಲಗೆಯ ಗುಂಟ ಮೇಲಕ್ಕೆ. ಮೂರೇ ಬಾಣ. ಇಲ್ಲಿ ಒಂದು ಎಚ್ಚರಿಕೆ ಬೇಕು. ತೂಕವನ್ನು ಎರಡು ಪಾಲು ಮಾಡುತ್ತೇವೆ: ಹಲಗೆಯ ಗುಂಟ 500 × ಸೈನ್ 30 = 250, ಹಲಗೆಗೆ ಲಂಬವಾಗಿ 500 × ಕಾಸ್ 30 = 433. ಕೆಲವರು ಈ ಎರಡು ಪಾಲಿನ ಬಾಣಗಳನ್ನೂ ಹಾಕಿ, 500ರ ಬಾಣವನ್ನೂ ಹಾಗೇ ಉಳಿಸಿ, ಎಲ್ಲವನ್ನೂ ಕೂಡುತ್ತಾರೆ. ನೂರು ರೂಪಾಯಿ ನೋಟನ್ನೂ ಎಣಿಸಿ, ಅದಕ್ಕೆ ತಂದ ಚಿಲ್ಲರೆಯನ್ನೂ ಎಣಿಸಿ, ನನ್ನ ಹತ್ತಿರ ಇನ್ನೂರಿದೆ ಅಂದ ಹಾಗಾಯಿತು! ಪಾಲು ಮಾಡಿದ ಮೇಲೆ ಮೂಲ ಬಾಣದ ಮೇಲೆ ಒಂದು ಗೀಟು ಎಳೆದುಬಿಡಿ.

ಈಗ ಮೂಟೆ ನಿಲ್ಲಬೇಕಾದರೆ ಬೇಕಾದ ಘರ್ಷಣೆ 250. ಒರಟು ಹಲಗೆ, ಮ್ಯೂ 0.6 ಆದರೆ ಹಾಸಿಗೆ 0.6 × 433, ಅಂದರೆ ಸುಮಾರು 260. ಕೂದಲೆಳೆಯಲ್ಲಿ ನಿಂತಿತು. ಮಳೆಗೆ ನೆನೆದು ಮ್ಯೂ 0.4ಕ್ಕೆ ಇಳಿಯಿತು ಅಂದುಕೊಳ್ಳಿ, ಹಾಸಿಗೆ ಸುಮಾರು 173ಕ್ಕೆ ಇಳಿಯಿತು. ಮೂಟೆ ಕೆಳಗೆ ನಿಂತವನ ಕಾಲಿನ ಮೇಲೆ ಬರುತ್ತದೆ. ಇದು ಬರೀ ಅಂಕದ ಪ್ರಶ್ನೆಯಲ್ಲ ಅಂತ ನಾನು ಹೇಳೋದು ಇದಕ್ಕೇ.

ಹಲಗೆಯನ್ನು ನಿಧಾನವಾಗಿ ಎತ್ತುತ್ತಾ ಹೋದರೆ ಒಂದು ಕೋನದಲ್ಲಿ ಮೂಟೆ ಜಾರಲು ಶುರು ಮಾಡುತ್ತದೆ. ಆ ಕೋನದ ಟ್ಯಾನ್ ಎಷ್ಟೋ ಮ್ಯೂ ಅಷ್ಟೇ. 0.4 ಆದರೆ ಸುಮಾರು 22 ಡಿಗ್ರಿ, 0.6 ಆದರೆ ಸುಮಾರು 31 ಡಿಗ್ರಿ. ಮೂಟೆಯ ತೂಕ ಎಷ್ಟಾದರೂ ಕೋನ ಅದೇ. ಸ್ಕೇಲು, ಕೋನಮಾಪಕ ಇದ್ದರೆ ಯಾವ ವಸ್ತುವಿನ ಮ್ಯೂ ಬೇಕಾದರೂ ಮನೆಯಲ್ಲೇ ಕಂಡುಹಿಡಿಯಬಹುದು.

ಘರ್ಷಣೆ ಯಾವಾಗಲೂ ಹಿಂದಕ್ಕೇ ಎಳೆಯುತ್ತದೆಯೇ?

"ಘರ್ಷಣೆ ಚಲನೆಯನ್ನು ವಿರೋಧಿಸುತ್ತದೆ" ಅಂತ ನಾವು ಬಾಯಿಪಾಠ ಮಾಡಿದ್ದೇವೆ. ಅದನ್ನೇ ಹಿಡಿದುಕೊಂಡು ಹೋದರೆ ದಿಕ್ಕು ತಪ್ಪುತ್ತದೆ. ಮೂಟೆ ತುಂಬಿದ ಟ್ರೇಲರ್ ಮುಂದಕ್ಕೆ ಹೊರಟಿತು. ಮೇಲಿರುವ ಮೂಟೆಯೂ ಅದರ ಜೊತೆ ಮುಂದಕ್ಕೆ ಹೋಗುತ್ತದೆ. ಅದನ್ನು ಮುಂದಕ್ಕೆ ಕರೆದುಕೊಂಡು ಹೋಗುತ್ತಿರುವವರು ಯಾರು? ಹಗ್ಗ ಕಟ್ಟಿಲ್ಲ, ಯಾರೂ ತಳ್ಳುತ್ತಿಲ್ಲ. ಮೂಟೆಯನ್ನು ಅಡ್ಡಡ್ಡವಾಗಿ ಮುಟ್ಟುತ್ತಿರುವುದು ಟ್ರೇಲರಿನ ತಳ ಒಂದೇ. ಹಾಗಾದರೆ ಘರ್ಷಣೆಯೇ ಮೂಟೆಯನ್ನು ಮುಂದಕ್ಕೆ ಎಳೆಯುತ್ತಿದೆ!

ಸರಿಯಾದ ಮಾತು ಏನೆಂದರೆ, ಘರ್ಷಣೆ ವಿರೋಧಿಸೋದು ಜಾರುವುದನ್ನು. ಘರ್ಷಣೆಯೇ ಇಲ್ಲದಿದ್ದರೆ ಮೂಟೆ ಯಾವ ಕಡೆ ಜಾರುತ್ತಿತ್ತು ಅಂತ ಕೇಳಿಕೊಳ್ಳಿ. ಟ್ರೇಲರಿನ ಮೇಲೆ ಹಿಂದಕ್ಕೆ ಜಾರುತ್ತಿತ್ತು. ಹಾಗಾಗಿ ಬಾಣ ಮುಂದಕ್ಕೆ. ವೇಗ ಪ್ರತಿ ಸೆಕೆಂಡಿಗೆ 1 ಮೀಟರ್ ಹೆಚ್ಚುತ್ತಿದ್ದರೆ 50 ಕೆ.ಜಿ.ಗೆ ಬೇಕಾದ ಘರ್ಷಣೆ 50 ನ್ಯೂಟನ್. ಮ್ಯೂ 0.4 ಇದ್ದರೆ 200ರವರೆಗೆ ತಡೆಯುತ್ತದೆ, ಅಂದರೆ ಸೆಕೆಂಡಿಗೆ 4 ಮೀಟರ್ ವೇಗ ಹೆಚ್ಚುವವರೆಗೆ. ಡ್ರೈವರ್ ಕ್ಲಚ್ ಬಿಟ್ಟ ರಭಸಕ್ಕೆ ಅದನ್ನೂ ಮೀರಿದರೆ ಮೂಟೆ ಹಿಂದಕ್ಕೆ ಸರಿಯುತ್ತದೆ. ನಾವು ನಡೆಯೋದೂ ಹೀಗೇ. ಪಾದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಪಾದವನ್ನು ಮುಂದಕ್ಕೆ ಒತ್ತುತ್ತದೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ನೆಲ ಆ ಕೆಲಸ ಮಾಡದೇ ಹೋದಾಗ ನಮಗೆ ಘರ್ಷಣೆಯ ಬೆಲೆ ಗೊತ್ತಾಗುತ್ತದೆ.

ಏಣಿ

ನನಗೆ ಬಹಳ ಮುಖ್ಯ ಅನ್ನಿಸುವ ಲೆಕ್ಕ ಇದು. ಸುಣ್ಣ ಬಳಿಯೋದಕ್ಕೆ, ಹೆಂಚು ಸರಿ ಮಾಡೋದಕ್ಕೆ, ಬಣವೆ ಹತ್ತೋದಕ್ಕೆ ನಮ್ಮ ಎಲ್ಲರ ಮನೆಯಲ್ಲೂ ಏಣಿ ಹತ್ತುತ್ತಾರೆ. "ಅರ್ಧ ಹತ್ತಿ ನೋಡ್ದೆ, ಗಟ್ಟಿಯಾಗೇ ಇತ್ತು" ಅನ್ನೋ ಮಾತು ನೀವೂ ಕೇಳಿರುತ್ತೀರಿ. ಅರ್ಧದಲ್ಲಿ ಗಟ್ಟಿ ಇದ್ದದ್ದು ತುದಿಯಲ್ಲೂ ಗಟ್ಟಿ ಇರುತ್ತದೆಯೇ? ಬಾಣ ಹಾಕಿ ನೋಡೋಣ.

4 ಮೀಟರ್ ಏಣಿ, ತೂಕ 200 ನ್ಯೂಟನ್. ನೆಲದಿಂದ 60 ಡಿಗ್ರಿ ಕೋನದಲ್ಲಿ ನುಣುಪು ಗೋಡೆಗೆ ಒರಗಿಸಿದೆ. ಗೋಡೆಯ ಘರ್ಷಣೆ ಇಲ್ಲ ಅಂದುಕೊಳ್ಳೋಣ. ಹತ್ತುವವನ ತೂಕ 600 ನ್ಯೂಟನ್. ನೆಲದ ಮ್ಯೂ 0.4. ಕರ್ಮ ಏಣಿ. ಭೂಮಿ ಏಣಿಯನ್ನು ಅದರ ನಡುವಿನಲ್ಲಿ ಕೆಳಗೆ ಎಳೆಯುತ್ತದೆ, 200. ಮನುಷ್ಯನ ಪಾದ ಏಣಿಯನ್ನು ಕೆಳಗೆ ಒತ್ತುತ್ತದೆ, 600. ನೆಲ ಏಣಿಯ ಬುಡವನ್ನು ಮೇಲಕ್ಕೆ ಒತ್ತುತ್ತದೆ, 800. ಗೋಡೆ ಏಣಿಯ ತಲೆಯನ್ನು ಆಚೆಗೆ ತಳ್ಳುತ್ತದೆ. ಕೊನೆಯ ಬಾಣ: ನೆಲ ಏಣಿಯ ಬುಡವನ್ನು ಗೋಡೆಯ ಕಡೆಗೆ ಹಿಡಿಯುತ್ತದೆ. ಅಡ್ಡ ದಿಕ್ಕಿನಲ್ಲಿ ಇರುವುದು ಕೊನೆಯ ಎರಡೇ ಬಾಣ. ಆದ್ದರಿಂದ ಗೋಡೆ ಎಷ್ಟು ತಳ್ಳುತ್ತದೋ ಘರ್ಷಣೆ ಅಷ್ಟೇ ಆಗಬೇಕು. ಹಾಸಿಗೆ 0.4 × 800 = 320.

ಗೋಡೆ ಎಷ್ಟು ತಳ್ಳುತ್ತದೆ? ಬುಡವನ್ನು ಕೀಲು ಅಂತ ಇಟ್ಟುಕೊಂಡು ತಿರುಗಿಸುವ ಬಲಗಳನ್ನು ಸಮ ಮಾಡಬೇಕು. ಮನುಷ್ಯ ಏಣಿಯ ನಡುವಿನಲ್ಲಿದ್ದಾಗ ಗೋಡೆಯ ಬಲ ಸುಮಾರು 231 ಬರುತ್ತದೆ. 320ರ ಒಳಗೇ ಇದೆ, ಏಣಿ ಗಟ್ಟಿ. ಅವನು ತುದಿಯಲ್ಲಿದ್ದಾಗ ಸುಮಾರು 404. ಹಾಸಿಗೆ ಸಾಲದು. ಲೆಕ್ಕ ಮಾಡಿದರೆ ಸುಮಾರು 3 ಮೀಟರ್ ಹತ್ತುವ ಹೊತ್ತಿಗೆ ಬುಡ ಜಾರುತ್ತದೆ. ಅರ್ಧಕ್ಕೆ ನಿಂತ ಏಣಿ ಮುಕ್ಕಾಲಿಗೆ ಮೋಸ ಮಾಡುತ್ತದೆ! ಮ್ಯೂ ಬದಲಾಗಲಿಲ್ಲ, ಲಂಬ ಬಲ 800 ಬದಲಾಗಲಿಲ್ಲ. ಸೂತ್ರ ಒಂದನ್ನೇ ನೋಡಿದವರಿಗೆ ಕೆಳಗೂ ಮೇಲೂ ಒಂದೇ 320. ಬದಲಾದದ್ದು ಬೇಕಾದ ಘರ್ಷಣೆ. ಅದು ಸಿಗುವುದು ಚಿತ್ರದಲ್ಲಿ ಮಾತ್ರ.

ಅದೇ ಏಣಿಯನ್ನು ಸ್ವಲ್ಪ ನೆಟ್ಟಗೆ ನಿಲ್ಲಿಸಿ. ನಾಲ್ಕು ಪಾಲು ಎತ್ತರಕ್ಕೆ ಒಂದು ಪಾಲು ದೂರ, ಅಂದರೆ 4 ಮೀಟರ್ ಏಣಿಯ ಬುಡ ಗೋಡೆಯಿಂದ ಸುಮಾರು 1 ಮೀಟರ್ ಇರಲಿ. ಆಗ ತುದಿಯಲ್ಲಿ ನಿಂತರೂ ಗೋಡೆಯ ಬಲ 175 ಮಾತ್ರ. ಕೆಲಸದ ಜಾಗಗಳಲ್ಲಿ ಏಣಿ ಇಡೋದಕ್ಕೆ ನಾಲ್ಕಕ್ಕೆ ಒಂದು ಅನ್ನುವ ಈ ನಿಯಮವನ್ನು ಹೇಳಿಕೊಡುತ್ತಾರೆ. ಅದಕ್ಕಿಂತ ನೆಟ್ಟಗಾದರೆ ಹಿಂದಕ್ಕೆ ಮಗುಚುವ ಭಯ. ಮನೆಗೆ ಹೋಗಿ ನಿಮ್ಮಪ್ಪನಿಗೋ ಮಾವನಿಗೋ ಇದನ್ನು ಹೇಳಿ. ಬುಡವನ್ನು ಒಬ್ಬರು ಒತ್ತಿ ಹಿಡಿಯಲಿ ಅಂತಲೂ ಹೇಳಿ. ಮಾರ್ಕ್ಸ್ ಬರದಿದ್ದರೂ ಪರವಾಗಿಲ್ಲ, ಸೊಂಟ ಉಳಿಯುತ್ತದೆ.

"ಟೈಮ್ ಎಲ್ಲಿದೆ?" ಅನ್ನುವವರಿಗೆ

ನನ್ನ ಮಾತಿಗೆ ವಿರೋಧ ಇದೆ ಅಂತ ಗೊತ್ತು. ಪರೀಕ್ಷೆಯಲ್ಲಿ ಚಿತ್ರ ಬರೆಯುತ್ತಾ ಕೂತರೆ ಟೈಮ್ ಸಾಲಲ್ಲ ಅನ್ನುತ್ತಾರೆ. ಒಂದು ಚೌಕ, ನಾಲ್ಕು ಬಾಣ. ಅರ್ಧ ನಿಮಿಷ ಸಾಕು. ತಪ್ಪು ಸೂತ್ರ ಹಿಡಿದು ಅರ್ಧ ಪುಟ ಬರೆದು ಹೊಡೆದುಹಾಕೋದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಲೆಕ್ಕ ಹಾಕಿ.

ಇನ್ನು ಕೆಲವರು, ಚೆನ್ನಾಗಿ ಓದೋರು, "ಇದೆಲ್ಲ ಮನಸ್ಸಲ್ಲೇ ಮಾಡ್ಕೋತೀವಿ" ಅನ್ನುತ್ತಾರೆ. ಸಪಾಟು ನೆಲದ ಮೇಲಿನ ಮೂಟೆಗೆ ಅದು ನಡೆಯಬಹುದು. ಏಣಿಗೆ ಬಂದಾಗ ಐದು ಬಾಣ ಮನಸ್ಸಲ್ಲಿ ನಿಲ್ಲುವುದು ಕಷ್ಟ. ಒಂದು ವೇಳೆ ನಿಮಗೆ ನಿಂತರೂ, ಉತ್ತರ ತಪ್ಪಾದಾಗ ಎಲ್ಲಿ ತಪ್ಪಿತು ಅಂತ ಮೇಷ್ಟ್ರಿಗೆ ಹೇಗೆ ಗೊತ್ತಾಗಬೇಕು?

ಸೂತ್ರವೇ ಬೇಡ ಅಂತ ನಾನು ಹೇಳುತ್ತಿಲ್ಲ. "ಜಾರುವ ಹಂತಕ್ಕೆ ಬಂದಿದೆ" ಅಂತ ಪ್ರಶ್ನೆಯಲ್ಲೇ ಇದ್ದರೆ ಘರ್ಷಣೆ ಸರಿಯಾಗಿ ಮ್ಯೂ ಗುಣಿಸು ಲಂಬ ಬಲ. ಆಗ ಧೈರ್ಯವಾಗಿ ಬಳಸಿ. ಆ ಮಾತು ಪ್ರಶ್ನೆಯಲ್ಲಿ ಇದೆಯೋ ಇಲ್ಲವೋ ಅಂತ ಓದಿ ನೋಡಿ ಅನ್ನೋದಷ್ಟೇ ನನ್ನ ವಾದ.

ಬಾಣಕ್ಕೆ ಮಾಧ್ಯಮ ಇಲ್ಲ

ಇನ್ನೊಂದು ಕಾರಣ ಇದೆ. ನನಗೆ ಎಲ್ಲಕ್ಕಿಂತ ದೊಡ್ಡದು ಅದು. ನಮ್ಮಲ್ಲಿ ಬಹಳ ಜನ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿ.ಯು.ಸಿ. ವಿಜ್ಞಾನಕ್ಕೆ ಬಂದವರು. ಇಲ್ಲಿ ಪುಸ್ತಕ ಇಂಗ್ಲಿಷ್, ಪ್ರಶ್ನೆ ಇಂಗ್ಲಿಷ್. ಗೊತ್ತಿರುವುದನ್ನೂ ಹೇಳೋಕಾಗದೆ ಬಾಯಿ ಕಟ್ಟಿದ ಹಾಗಾಗುತ್ತದೆ. ಆಗ ಏನು ಮಾಡುತ್ತೇವೆ? ಅರ್ಥವಾಗದ ವಾಕ್ಯಗಳ ನಡುವೆ ಅಂಕಿಗಳನ್ನು ಹುಡುಕಿ, ಗೊತ್ತಿರುವ ಒಂದು ಸೂತ್ರಕ್ಕೆ ತುರುಕುತ್ತೇವೆ. 200 ಅಂತ ಬರೆದವರು ದಡ್ಡರಲ್ಲ. ಅವರು ಮಾಡಿದ್ದೂ ಇದನ್ನೇ. ಹೀಗೆ ಎರಡು ಮೂರು ಪರೀಕ್ಷೆ ತಪ್ಪಾದ ಮೇಲೆ "ಸೈನ್ಸ್ ನಮ್ಮಂಥವರಿಗಲ್ಲ" ಅಂತ ಬಿಟ್ಟು ಹೋಗುವವರನ್ನು ನಾವು ನೋಡುತ್ತಿದ್ದೇವೆ.

ಬಾಣಕ್ಕೆ ಇಂಗ್ಲಿಷ್ ಇಲ್ಲ, ಕನ್ನಡ ಇಲ್ಲ. ಕೆಳಗೆ ಅಂದರೆ ಎಲ್ಲ ಭಾಷೆಯಲ್ಲೂ ಕೆಳಗೇ. ಮೂಟೆ ತಳ್ಳಿ, ಏಣಿ ಹತ್ತಿ, ಗಾಡಿಯ ಗಾಲಿಗೆ ಕಲ್ಲು ಕೊಟ್ಟು ಬೆಳೆದವರು ನಾವು. ಘರ್ಷಣೆ ಏನು ಮಾಡುತ್ತದೆ ಅಂತ ನಮ್ಮ ಕೈಗೆ, ಕಾಲಿಗೆ ಗೊತ್ತು. ಆ ಗೊತ್ತಿರುವುದು ಉತ್ತರ ಪತ್ರಿಕೆಗೆ ಇಳಿಯುವ ದಾರಿ ಬಲಚಿತ್ರ. ಮೊದಲು ಚಿತ್ರ ಬರೆದರೆ, ಆಮೇಲೆ ಅದಕ್ಕೆ ಇಂಗ್ಲಿಷಿನಲ್ಲಿ ಎರಡು ಸಾಲು ಸೇರಿಸುವುದು ಅಷ್ಟೇನೂ ಕಷ್ಟವಲ್ಲ.

ಗುರುಗಳಲ್ಲಿ ಒಂದು ವಿನಂತಿ

ಕಿರುಪರೀಕ್ಷೆಗಳಲ್ಲಿ ಘರ್ಷಣೆ ಲೆಕ್ಕಕ್ಕೆ ಐದು ಅಂಕ ಇದ್ದರೆ ಅದರಲ್ಲಿ ಎರಡು ಅಂಕ ಬಲಚಿತ್ರಕ್ಕೆ ಇಡಬೇಕೆಂದು ಕೇಳಿಕೊಳ್ಳುತ್ತೇನೆ. ಉತ್ತರ ತಪ್ಪಾದರೂ ಬಾಣಗಳು ಸರಿ ಇದ್ದರೆ ಆ ಎರಡು ಅಂಕ ಸಿಗಲಿ. ಉತ್ತರ ಸರಿಯಾಗಿದ್ದು ಚಿತ್ರ ಇಲ್ಲದಿದ್ದರೆ ಆ ಎರಡು ಅಂಕ ಹೋಗಲಿ. ಬೋರ್ಡಿನ ಮೇಲೆ ಲೆಕ್ಕ ಮಾಡುವಾಗಲೂ ಘರ್ಷಣೆಯ ಬಾಣವನ್ನು ಕೊನೆಗೆ ಉಳಿಸಿ, "ಎಷ್ಟು ಬೇಕು? ಯಾವ ಕಡೆಗೆ?" ಅಂತ ನಮ್ಮನ್ನೇ ಕೇಳಿ. ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ, ನೋಡುತ್ತಿರಿ. ಇದು ಚಿಕ್ಕ ಬಾಯಿಯ ದೊಡ್ಡ ಮಾತು ಅನ್ನಿಸಿದರೆ ಕ್ಷಮಿಸಿ.

ಸಹಪಾಠಿಗಳೇ, ಈ ಲೇಖನದ ಪಕ್ಕದಲ್ಲಿ ಚಿತ್ರಗಳನ್ನು ಬೇಕೆಂದೇ ಬಿಡಿಸಿಲ್ಲ. ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ, ಪೆನ್ಸಿಲ್ಲಿಗೆ ದಾರ ಕಟ್ಟಿ ತೂಗುಹಾಕಿದ್ದೇನೆ (ದಯವಿಟ್ಟು ಕಿತ್ತುಕೊಂಡು ಹೋಗಬೇಡಿ!). ಅದರಲ್ಲಿ ಈ ಪ್ರಶ್ನೆಗೆ ಬಾಣ ಹಾಕಿ:

ಅದೇ 50 ಕೆ.ಜಿ. ಮೂಟೆ, ಅದೇ ನೆಲ, ಮ್ಯೂ 0.4. ಒಬ್ಬ ಹಗ್ಗ ಕಟ್ಟಿ, ನೆಲದಿಂದ 30 ಡಿಗ್ರಿ ಮೇಲಕ್ಕೆ ಓರೆಯಾಗಿ 100 ನ್ಯೂಟನ್ ಬಲದಿಂದ ಎಳೆಯುತ್ತಾನೆ. ಇನ್ನೊಬ್ಬ ಹಿಂದಿನಿಂದ ಬಗ್ಗಿ, 30 ಡಿಗ್ರಿ ಕೆಳಕ್ಕೆ ಓರೆಯಾಗಿ ಅಷ್ಟೇ ಬಲದಿಂದ ತಳ್ಳುತ್ತಾನೆ. ಇಬ್ಬರೂ ಒಟ್ಟಿಗಲ್ಲ, ಬೇರೆ ಬೇರೆ ಸಲ. ಯಾರ ಸರದಿಯಲ್ಲಿ ಘರ್ಷಣೆ ಜಾಸ್ತಿ? ಯಾರ ಸರದಿಯಲ್ಲಿ ಹಾಸಿಗೆ ಉದ್ದ? ಎರಡಕ್ಕೂ ಉತ್ತರ ಒಂದೇ ಅಲ್ಲ, ಹುಷಾರು.

ಉತ್ತರ ಮುಂದಿನ ಸಂಚಿಕೆಯಲ್ಲಿ.

— ಪ್ರಥಮ ಪಿ.ಯು.ಸಿ. ವಿಜ್ಞಾನ ವಿಭಾಗದ ಒಬ್ಬ ವಿದ್ಯಾರ್ಥಿನಿ